ಅಣ್ಣನ ಫೋಲ್ಡರ್

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗಂತೂ ಇದನ್ನು ಹೇಳಿಕೊಳ್ಳಲು ನಾಚಿಕೆ. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡಲ್ಲ, ಹುಚ್ಚು. ಮನೆಯ ಕಪಾಟಿನಲ್ಲೊಂದು ಸರ್ವರ್ ಇಟ್ಟಿದ್ದೆ. ತೀರಿಕೊಂಡ ಅಣ್ಣ ಮಾತಾಡಿದ್ದ ರೆಕಾರ್ಡಿಂಗುಗಳೆಲ್ಲ ಅದರಲ್ಲಿದ್ದವು. ಅತ್ತಿಗೆ ತಮ್ಮ ಮನೆಯಲ್ಲೇ ಕೂತು ದಿನಾ ಮಧ್ಯಾಹ್ನ ಮೂರಕ್ಕೆ ಅವನ್ನು ಫೋನಿನಲ್ಲಿ ಕೇಳುತ್ತಿದ್ದರು.

ಒಂದು ಸೋಮವಾರ ಸರ್ವರಿನಲ್ಲಿ ಜಾಗ ಮಾಡಿಕೊಳ್ಳುವಾಗ ಆ ರೆಕಾರ್ಡಿಂಗುಗಳಿದ್ದ ಫೋಲ್ಡರನ್ನೇ ಅಳಿಸಿಬಿಟ್ಟೆ. ಬ್ಯಾಕಪ್ ಡಿಸ್ಕು ತೆರೆದರೆ ಅದೂ ಖಾಲಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುವಂತೆ ಹೊಂದಿಸಿಟ್ಟ ಜಾಣ ನಾನೇ. ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. "ರಿಪೇರಿ ಇದೆ ಅತ್ತಿಗೆ, ಒಂದು ವಾರ ಸಿಗಲ್ಲ" ಎಂದು ಸುಳ್ಳು ಹೇಳಿ, ವೈರ್ ಕಿತ್ತು, ಡಿಸ್ಕುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟೆ.

ಮರುದಿನ ಮೂರಕ್ಕೆ ಕಪಾಟಿನೊಳಗೆ ಸರ್ವರಿನ ಫ್ಯಾನ್ ತಿರುಗಿದ ಸದ್ದು. ತೆರೆದರೆ ನಿಂತಿತ್ತು. ಮೇಜಿನ ಮೇಲಿದ್ದ ಡಿಸ್ಕುಗಳಲ್ಲಿ ಅಣ್ಣನ ಫೋಲ್ಡರ್ ಇದ್ದದ್ದು ಮಾತ್ರ ಅಂಗೈಯಷ್ಟು ಬೆಚ್ಚಗಿತ್ತು. ಬುಧವಾರವೂ ಹಾಗೇ ಆಯಿತು.

ಗುರುವಾರ ಸಂಜೆ, ಎಲ್ಲ ಹೇಳಿಬಿಡೋಣವೆಂದು ಆ ಡಿಸ್ಕನ್ನು ಕೈಯಲ್ಲೇ ಹಿಡಿದು ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಅಂದರು:

"ಸಿಗಲ್ಲ ಅಂದೆಯಲ್ಲೋ, ಮೂರು ದಿನದಿಂದ ಕೇಳ್ತಾನೇ ಇದೀನಿ. ಒಂದೇ ರೆಕಾರ್ಡಿಂಗ್ ಬರ್ತಿದೆ, ಹಿಂದೆ ಕೇಳಿದ್ದಲ್ಲ. 'ಪಾಪ, ಅವನಿಗೆ ಬೈಬೇಡ' ಅಂತಾರೆ ನಿಮ್ಮಣ್ಣ. ಯಾರ ಬಗ್ಗೆ ಹೇಳಿದ್ದು ಅದು?"

"ಗೊತ್ತಿಲ್ಲ ಅತ್ತಿಗೆ" ಅಂದೆ. ಕೈಯಲ್ಲಿದ್ದ ಡಿಸ್ಕು ಇನ್ನೂ ಬೆಚ್ಚಗಿತ್ತು.