ಪಿಕಪ್‌ನ ಸಡಿಲ ನಟ್ಟು

ಗುರುವಾರ ಬೆಳಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಏರು ರಸ್ತೆಯಲ್ಲಿ ಹೊತ್ತಿ ಉರಿದ ಹಳೆಯ ಪಿಕಪ್ ಅವಳ ಗಂಡನದು. ಬಾಗಿಲು ಸಿಕ್ಕಿಕೊಂಡಿತ್ತು. ಜನ ಗಾಜು ಒಡೆಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

“ಸೋಮವಾರ ತಾನೇ ರಿಪೇರಿ ಮಾಡ್ಸಿದ್ದು ಸರ್, ಗೇರ್ ಎಣ್ಣೆ ಸೋರತ್ತೆ ಅಂತ. ಆ ಮೆಕ್ಯಾನಿಕ್ಕೇ ಕೊಂದ.”

ಹಿಂದೆ ನಿಂತಿದ್ದ ಅವಳ ಮಾವ ತುಟಿ ಪಿಟಕ್ಕೆನ್ನಲಿಲ್ಲ. ಹೆತ್ತ ಕರುಳು, ಮಾತು ಎಲ್ಲಿಂದ ಬಂದೀತು ಎಂದುಕೊಂಡ ಇನ್‌ಸ್ಪೆಕ್ಟರ್ ಒಂಬತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಿಸಿದರು. ಆರೋಪಿ: ರಿಪೇರಿ ಮಾಡಿದ ಮೆಕ್ಯಾನಿಕ್, ಗ್ಯಾರೇಜ್ ಮಾಲೀಕ.

ಹನ್ನೊಂದಕ್ಕೆ ಪಂಚನಾಮೆ. ಠಾಣೆಯ ಜೀಪು ಓಡಿಸುವ ಕಾನ್‌ಸ್ಟೆಬಲ್‌ನನ್ನು ಎಲ್ಲರೂ ಕರೆಯುವುದು ಸ್ಪ್ಯಾನರ್ ಎಂದೇ. ಅವನು ಕರಕಲು ಗಾಡಿಯ ಅಡಿಗೆ ಟಾರ್ಚ್ ಹಿಡಿದು ನುಸುಳಿದ.

“ಈ ಗಾಡೀಲಿ ಗೇರ್ ಆಟೊಮ್ಯಾಟಿಕ್ ಸರ್, ತಾನಾಗೇ ಬೀಳತ್ತೆ. ಅದರ ಎಣ್ಣೆ ಬಿಸಿಯಾಗತ್ತಲ್ಲ, ಈ ಎರಡು ಪೈಪಲ್ಲಿ ಮುಂದಿನ ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ವಾಪಸ್ ಬರತ್ತೆ. ಒಂದು ಪೈಪಿನ ನಟ್ಟು ಸಡಿಲ ಆಗಿದೆ. ಕೆಳಗೇ ಸೈಲೆನ್ಸರ್ ಪೈಪು. ಕಾದ ಕಬ್ಬಿಣದ ಮೇಲೆ ಎಣ್ಣೆ ಚಿಮ್ಮಿ ಹೊತ್ತಿಕೊಂಡಿದೆ.”

“ತಾನಾಗೇ ಸಡಿಲ ಆಯ್ತಾ?”

“ಇಲ್ಲ ಸರ್. ನಟ್ಟಿನ ಎರಡು ಮೂಲೆ ಕೆತ್ತಿಹೋಗಿದೆ. ಯಾರೋ ತಿರುಗಿಸಿದ್ದಾರೆ.”

ಒಂದು ಗಂಟೆಗೆ ಕರೆತಂದ ಮೆಕ್ಯಾನಿಕ್‌ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ತುಕ್ಕು ತಿಂದ ಪೈಪುಗಳನ್ನು ಕಿತ್ತು ಹೊಸವು ಹಾಕಿದ್ದೆ, ಅದೇ ಏರಿನಲ್ಲಿ ಅರ್ಧ ಗಂಟೆ ಓಡಿಸಿ, ಅಡಿಗೆ ಕಾಗದ ಹಾಸಿ ನೋಡಿದ್ದೆ, ಒಂದು ಹನಿಯೂ ಬಿದ್ದಿರಲಿಲ್ಲ ಎಂದ. ಫೋನಿನಲ್ಲಿ ಫೋಟೊ ಇತ್ತು: ಸೋಮವಾರ, ಹನ್ನೊಂದೂ ನಲವತ್ತು. ನಟ್ಟಿನ ಆರೂ ಮೂಲೆ ಚೂಪಾಗಿದ್ದವು.

“ನಾವು ಬಳಸೋದು ನಟ್ಟನ್ನ ಸುತ್ತಲೂ ಹಿಡಿಯೋ ಸ್ಪ್ಯಾನರ್ ಸರ್. ಮೂಲೆ ಕೆತ್ತೋದು ಬಾಯಿ ಸವೆದಿರೋ ಹಳೇದು.”

ಕಾನ್‌ಸ್ಟೆಬಲ್ ತಲೆಯಾಡಿಸಿದ. “ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.”

ಎರಡೂವರೆಗೆ ಮೃತನ ಮನೆ. ಹಗೆ ಇದ್ದವರು ಯಾರು, ಜಗಳವಾಡಿದವರು ಯಾರು ಎಂದು ಇನ್‌ಸ್ಪೆಕ್ಟರ್ ಕೇಳುತ್ತ ಹೋದರು. ಯಾರೂ ಇರಲಿಲ್ಲ.

“ಸೋಮವಾರದಿಂದ ಬುಧವಾರದವರೆಗೆ ಗಾಡಿ ಎಲ್ಲಿತ್ತಮ್ಮ?”

“ಇಲ್ಲೇ, ಬಾಗಿಲಲ್ಲೇ.”

“ಯಾರಾದ್ರೂ ಮುಟ್ಟಿದ್ರಾ?”

“ಯಾರು ಮುಟ್ತಾರೆ ಸರ್? ಮಂಗಳವಾರ ಮಾವ ಅಡಿಗೆ ಮಲ್ಕೊಂಡು ನೋಡ್ತಿದ್ರು, ಅಷ್ಟೇ. ಅವರೂ ಮೆಕ್ಯಾನಿಕ್ ಆಗಿದ್ದೋರು...”

ಮಾತು ಅರ್ಧಕ್ಕೇ ನಿಂತಿತು. ಇನ್‌ಸ್ಪೆಕ್ಟರರ ಪೆನ್ನೂ ನಿಂತಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಹೆಣ ಕಂಡಿದ್ದರು. ಆದರೆ ಎದುರಿಗಿದ್ದ ಹೆಂಗಸಿನ ಮುಖದಿಂದ ರಕ್ತ ಇಳಿದುಹೋದದ್ದನ್ನು ನೋಡಲಾರದೆ ಎದ್ದು ನಿಂತರು. ಈ ದಿಕ್ಕು ಅವರ ಕನಸಿನಲ್ಲೂ ಇರಲಿಲ್ಲ.

ಮುದುಕ ಹಿಂದಿನ ಕೋಣೆಯಲ್ಲಿ ಕೂತಿದ್ದ. ಗೋಡೆಯ ಮೇಲೆ ಸ್ಪ್ಯಾನರ್‌ಗಳು ಅಳತೆಯ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು. ಕೇಳುವ ಮೊದಲೇ ಒಂದನ್ನು ತೆಗೆದು ಮುಂದೆ ಹಿಡಿದ.

“ಇದೇ.”

“ಯಾಕೆ ಯಜಮಾನ್ರೇ? ಹೊಟ್ಟೇಲಿ ಹುಟ್ಟಿದ ಮಗ!”

“ಇಪ್ಪತ್ತೇಳು ವರ್ಷ ಆ ಗಾಡಿಗೆ ಬೇರೆಯವರ ಕೈ ಬಿದ್ದಿರ್ಲಿಲ್ಲ ಸ್ವಾಮಿ. ಈ ಸಲ, ‘ಬೇಡಪ್ಪಾ, ನಿಮ್ಮ ಕೈ ನಡುಗತ್ತೆ’ ಅಂದು ಹೊರಗೆ ಒಯ್ದ. ಮತ್ತೆ ಸೋರಿದ್ರೆ ನನ್ನನ್ನೇ ಕರೀತಾನೆ ಅಂದ್ಕೊಂಡೆ.”

“ಕೆಳಗೆ ಸೈಲೆನ್ಸರ್ ಇರೋದು ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಅದಕ್ಕೇ ಕೂದಲೆಳೆಯಷ್ಟೇ ಸಡಿಲಿಸೋಣ, ಮನೆ ಮುಂದೆ ನಾಲ್ಕು ಹನಿ ಬಿದ್ರೆ ಸಾಕು ಅಂತಿದ್ದೆ.” ಅವನು ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದ. ಆದರೂ ಅದು ಅದುರುತ್ತಲೇ ಇತ್ತು. “ಕೈ ನಡುಗ್ತು ಸ್ವಾಮಿ. ಎಷ್ಟು ತಿರುಗಿಸಿದೆ ಅಂತ ಗೊತ್ತಾಗ್ಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಸೊಸೆ ತಿರುಗಿ ಹೊರಗೆ ಹೋದಳು.

ನಾಲ್ಕೂ ಹತ್ತಕ್ಕೆ ಬಂಧನ. ಸ್ಪ್ಯಾನರ್ ಜಪ್ತಿ ಮಾಡಿ ಮೊಹರು ಹಾಕಲಾಯಿತು. ಗ್ಯಾರೇಜಿನವನನ್ನು ಮನೆಗೆ ಕಳಿಸಲಾಯಿತು. ಸಂಜೆ ಠಾಣೆಯಲ್ಲಿ ವರದಿ ಬರೆಯುತ್ತಿದ್ದ ಇನ್‌ಸ್ಪೆಕ್ಟರ್ ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದರು. ಬರೆದರು: “ಕೊಲ್ಲುವುದಲ್ಲ. ರಿಪೇರಿಗೆ ಮಗ ಮತ್ತೆ ತನ್ನನ್ನು ಕೂಗಲಿ ಎಂಬುದು.”