ಪಿಕರ್ ಲಿಫ್ಟ್ ಕಳವಾದ ಭಾನುವಾರ

ಭಾನುವಾರ ಬೆಳಗ್ಗೆ ಎಂಟೂವರೆಗೆ ಅಕ್ಕಿ ಗೋದಾಮಿನ ಮಾಲೀಕ ಒರಾಜ್ ಕೆಂಡ ಕಾರುತ್ತ ಕಿಜಿಲೊರ್ದಾ ಪಟ್ಟಣದ ಪೊಲೀಸ್ ಠಾಣೆಗೆ ಬಂದ. ಗೋದಾಮಿನ ಯಂತ್ರವೊಂದು ಕಾಣೆಯಾಗಿತ್ತು. ಇನ್ಸ್‌ಪೆಕ್ಟರ್ ಕೈರ್ಗೆಲ್ಡಿ ಎಫ್‌ಐಆರ್ ದಾಖಲಿಸಿ, ಪೇದೆ ಶೋಲ್ಪಾನ್‌ಳೊಡನೆ ಸ್ಥಳಕ್ಕೆ ಹೋದರು.

ಬೀಗ ಒಡೆದಿರಲಿಲ್ಲ. ಕೈಯಲ್ಲಿ ಎಳೆಯುವ ಪ್ಯಾಲೆಟ್ ಗಾಡಿಗಳಿದ್ದವು. ಮೂಟೆ ಎತ್ತುವ ಹೊಸ ಫೋರ್ಕ್‌ಲಿಫ್ಟ್ ಕೀಲಿ ಸಮೇತ ನಿಂತಿತ್ತು. ಹೋಗಿದ್ದು ಹಳೆಯ ಪಿಕರ್ ಲಿಫ್ಟ್ ಒಂದೇ. ಆಳು ಅದರ ಕಟಕಟೆಯೊಳಗೆ ನಿಂತು ಮೇಲೇರಿ, ಎತ್ತರದ ಹಲಗೆಗಳಿಂದ ಸರಕು ಆಯ್ದು ತರುತ್ತಾನೆ.

"ದಡ್ಡ ಕಳ್ಳ ಸಾರ್. ಹೊಸದನ್ನ ಬಿಟ್ಟು ಈ ಗುಜರಿ ಹೊತ್ಕೊಂಡು ಹೋಗಿದಾನೆ," ಎಂದಳು ಶೋಲ್ಪಾನ್.

"ಅದು ಮೂಟೆ ಎತ್ತತ್ತೆ. ಇದು ಮನುಷ್ಯರನ್ನ ಎತ್ತತ್ತೆ. ಅವನಿಗೆ ಯಾರನ್ನೋ ಎತ್ತಬೇಕಿತ್ತು."

"ಮಹಡಿ ಮನೆಗೆ ಕನ್ನ ಹಾಕೋಕಾ?"

ಕೈರ್ಗೆಲ್ಡಿ ಮಾಲೀಕನತ್ತ ತಿರುಗಿದರು. "ಇದನ್ನ ಯಾರಾದ್ರೂ ಕೇಳಿದ್ರೇನ್ರೀ?"

ಒರಾಜ್ ತಡವರಿಸಿದ. "ನಮ್ಮ ಡ್ರೈವರ್ ಮರ್ಗುಲಾನ್ ಕೇಳಿದ್ದ. ಗೋದಾಮಿನ ಬೀಗದ ಕೈ ಅವನ ಹತ್ರಾನೂ ಒಂದಿದೆ. ಅವ್ವನ್ನ ಮನೆಯಿಂದ ಕೆಳಗಿಳಿಸ್ಬೇಕು, ಒಂದು ದಿನ ಕೊಡಿ ಅಂತ. ಇದೇನು ಪಲ್ಲಕ್ಕೀನೇನೋ ಅಂತ ಬೈದು ಕಳಿಸ್ದೆ."

ಪಿಕರ್‌ನ ಪುಟ್ಟ ಗಾಲಿಗಳು ರಸ್ತೆಯಲ್ಲಿ ಓಡುವಂಥವಲ್ಲ. ಟೋಯಿಂಗ್ ಗಾಡಿಯವರನ್ನು ವಿಚಾರಿಸಿದಾಗ ಒಬ್ಬ ಬಾಯಿಬಿಟ್ಟ: ನಸುಕಿನಲ್ಲಿ ಅದನ್ನು ಮರ್ಗುಲಾನನ ಮನೆಯಂಗಳಕ್ಕೆ ಇಳಿಸಿ ಬಂದಿದ್ದ.

ಪೊಲೀಸರು ಹೋದಾಗ ಎರಡನೇ ಮಹಡಿಯ ಬಾಲ್ಕನಿಯಿಂದ ಕಟಕಟೆ ಮೆಲ್ಲಗೆ ಇಳಿಯುತ್ತಿತ್ತು. ಮರ್ಗುಲಾನನ ಪಕ್ಕದಲ್ಲಿ ಅವನ ತಾಯಿ ಕುಲ್ಯಾಶ್, ಬಿಳಿ ತಲೆವಸ್ತ್ರ ಕಟ್ಟಿಕೊಂಡು, ಕಂಬಿ ಹಿಡಿದು ನೆಟ್ಟಗೆ ನಿಂತಿದ್ದರು. ಮೂವತ್ತು ವರ್ಷ ಊರಿಗೆಲ್ಲ ಟಪಾಲು ಹಂಚಿದಾಕೆ. ಮಂಡಿ ಕೈಕೊಟ್ಟ ಮೇಲೆ ಮೆಟ್ಟಿಲು ಇಳಿದಿರಲಿಲ್ಲ. ಹೊತ್ತು ಇಳಿಸುತ್ತೇವೆಂದವರಿಗೆ, "ಹೊತ್ತು ಇಳಿಸೋದು ಹೆಣಾನ. ಇಳಿದ್ರೆ ನಿಂತ್ಕೊಂಡೇ ಇಳೀತೀನಿ," ಎಂದು ಹಠ ಹಿಡಿದಿದ್ದರು.

ಅಂದು ಮೊಮ್ಮಗಳು ಇಂಕಾರ್‌ಳ ಕಾಲಿಗೆ ಕಟ್ಟಿದ ದಾರ ಕತ್ತರಿಸಿ ಮೊದಲ ಹೆಜ್ಜೆ ಹಾಕಿಸುವ ದಿನ. ದಾರ ಕತ್ತರಿಸಿದವರ ನಡಿಗೆಯೇ ಮಗುವಿಗೂ ಬರುತ್ತದೆಂದು ಅಲ್ಲಿನವರ ನಂಬಿಕೆ.

ಸಮವಸ್ತ್ರ ಕಂಡು ಮರ್ಗುಲಾನನ ಮುಖ ಬಿಳಿಚಿತು. ಕೈರ್ಗೆಲ್ಡಿ ಟೋಪಿ ತೆಗೆದರು. "ಮೊದಲು ಶಾಸ್ತ್ರ ಮುಗಿಸಪ್ಪ."

ಕತ್ತರಿ ಕೈಗೆ ಬಂದಾಗ ಕುಲ್ಯಾಶ್ ಹಿಂಜರಿದರು. "ಬೇರೆ ಯಾರಾದ್ರೂ ಕತ್ತರಿಸ್ರೋ. ಈ ಸುಡುಗಾಡು ಕಾಲು ಮಗೂಗೆ ಯಾಕೆ?"

"ಊರೆಲ್ಲ ಸುತ್ತಿದ ಕಾಲು ಕಣವ್ವ. ನನ್ನ ಮಗಳಿಗೆ ಅದೇ ಬೇಕು," ಎಂದ ಮರ್ಗುಲಾನ್.

ದಾರ ತುಂಡಾಯಿತು. ಮಗು ತೂರಾಡುತ್ತ ಬಂದು ಶೋಲ್ಪಾನ್‌ಳ ಬೂಟು ತಬ್ಬಿಕೊಂಡಿತು. ಅಂಗಳವೆಲ್ಲ ನಕ್ಕಿತು. ಕುಲ್ಯಾಶ್ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡರು.

"ನಾನೇ ತಂದಿದ್ದು ಸಾರ್. ನಾಳೆ ವಾಪಸ್ ಇಡ್ತಿದ್ದೆ," ಎಂದು ಮರ್ಗುಲಾನ್ ಕೈ ಮುಂದೆ ಚಾಚಿದ.

"ಇಡ್ತಿದ್ದೆ ಅಂತ ನಂಗೂ ಗೊತ್ತು. ಆದ್ರೂ ಕೇಸು ಕೇಸೇ."

ಜಪ್ತಿಗೆ ಸಾಕ್ಷಿ ನಿಲ್ಲಲು ನೆರೆಯವರಿಬ್ಬರನ್ನು ಪಂಚರಾಗಿ ಕರೆದರು. ಕುಲ್ಯಾಶ್ ಬಾಲ್ಕನಿಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದರು. ಅದನ್ನು ಕಂಡ ಕೈರ್ಗೆಲ್ಡಿ ಪಂಚರತ್ತ ತಿರುಗಿದರು.

"ಜಪ್ತಿ ಮಾಡೋ ಮಾಲು ಸರಿಯಾಗಿದೆಯೋ ಇಲ್ವೋ ನೋಡ್ಬೇಕು. ಆರೋಪಿನೇ ಓಡಿಸಿ ತೋರಿಸ್ಲಿ. ಖಾಲಿ ಬೇಡ. ಅಮ್ಮನೂ ಹತ್ಲಿ."

"ಓಡಿಹೋದ್ರೆ ಸಾರ್?" ಎಂದಳು ಶೋಲ್ಪಾನ್.

"ಎಲ್ಲಿಗಮ್ಮ, ಎರಡನೇ ಮಹಡಿಗಾ?"

ತಾಯಿ, ಮಗ ಅಕ್ಕಪಕ್ಕ ನಿಂತು ಮೇಲೇರಿದರು. ಅವ್ವನನ್ನು ಬಾಲ್ಕನಿಯೊಳಗೆ ದಾಟಿಸಿ ಮರ್ಗುಲಾನ್ ತಾನಾಗಿಯೇ ಇಳಿದು ಬಂದ. ಹನ್ನೆರಡು ಗಂಟೆಗೆ ಅವನ ಬಂಧನವಾಯಿತು.

ಠಾಣೆಯಲ್ಲಿ, ವರದಿಯ ಕೃತ್ಯದ ಉದ್ದೇಶ ಎಂಬಲ್ಲಿ ಕೈರ್ಗೆಲ್ಡಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು. ಆಮೇಲೆ ಬರೆದರು: ತಾಯಿಯನ್ನು ನಿಂತಂತೆಯೇ ಕೆಳಗಿಳಿಸುವುದು.