ಬೇರೆ ಕೈಯ ಹೊಲಿಗೆ

ಕೆಟ್ಟು ನಿಂತ ಲಿಫ್ಟಿನ ಬಾಗಿಲು ಒಂದು ಗೇಣು ತೆರೆದುಕೊಂಡಿತು. ಆ ಸಂದಿಯಲ್ಲಿ ಮೊದಲು ಒಂದು ಸ್ಪ್ಯಾನರ್ ಕಂಡಿತು, ಆಮೇಲೆ ಗ್ರೀಸ್ ಮೆತ್ತಿದ ಕೈ, ಆಮೇಲೆ ಎರಡು ಕಣ್ಣು.

"ಒಳಗೆ ಎಷ್ಟು ಜನ ಇದ್ದೀರಿ?"

"ನಾನೊಬ್ಬಳೇ... ಮತ್ತೆ ಒಂದು ಮೂಟೆ ಶರ್ಟು."

ಆ ಕಣ್ಣುಗಳು ನಕ್ಕವು. ಅಷ್ಟು ಹೊತ್ತು ಅಳುತ್ತಿದ್ದವಳಿಗೆ ಸಿಟ್ಟು ಬಂತು. ಅವನು ಕಾಲು ಅಗಲಿಸಿ ನಿಂತು, ಮೈಯ ಬಲವನ್ನೆಲ್ಲ ಹಾಕಿ ಬಾಗಿಲು ಎಳೆದ. ಬಾಗಿಲು ತೆರೆಯಿತು. ಅದರ ಜೊತೆಗೆ ಅವನ ಪ್ಯಾಂಟೂ ಹಿಂದಿನಿಂದ ಪರ್ರೆಂದು ತೆರೆದುಕೊಂಡಿತು.

ಈಗ ನಗುವ ಸರದಿ ಅವಳದು.

ಅವನು ಗೋಡೆಗೆ ಬೆನ್ನು ಅಂಟಿಸಿ ನಿಂತುಬಿಟ್ಟ. ಅವಳು ಚೀಲದಿಂದ ಸೂಜಿ ದಾರ ತೆಗೆದಳು.

"ಆ ಕಡೆ ತಿರುಗಿ. ಅಲ್ಲಾಡಿದ್ರೆ ಚುಚ್ಚುತ್ತೆ."

"ಸರಿ, ಟೈಲರಮ್ಮ."

ಅವತ್ತು ಇಟ್ಟ ಆ ಹೆಸರು ಹಾಗೇ ಉಳಿಯಿತು. ಮುಂದಿನ ವರ್ಷ ಮದುವೆಯಾಯಿತು. ಅಲ್ಲಿಂದಾಚೆಗೆ ಲಿಫ್ಟ್ ಮೆಕ್ಯಾನಿಕ್ಕನ ಬಟ್ಟೆಯಲ್ಲಿ ಒಂದು ಗುಂಡಿ ಬಿದ್ದರೂ ಅದನ್ನು ಹಾಕಿದ್ದು ಅವಳ ಕೈಯೇ.

ಅದಕ್ಕೇ ಆ ಬೆಳಿಗ್ಗೆ, ಅವನ ನೀಲಿ ಶರ್ಟನ್ನು ಮಗುಚಿ ಇಸ್ತ್ರಿ ಮಾಡುವಾಗ, ಅವಳ ಕೈ ನಿಂತುಹೋಯಿತು.

ಪಕ್ಕೆಯ ಹೊಲಿಗೆ ಅವಳದಲ್ಲ.

ಹೊಲಿಗೆ ಮುಗಿಯುವಲ್ಲಿ ಅವಳು ಮೆಷಿನ್ನನ್ನೇ ಸ್ವಲ್ಪ ಹಿಂದಕ್ಕೆ ಓಡಿಸಿ ನಿಲ್ಲಿಸುತ್ತಾಳೆ. ಇಲ್ಲಿ ಯಾರೋ ದಾರದ ಎರಡು ತುದಿ ಹಿಡಿದು ಕೈಯಲ್ಲೇ ಪುಟ್ಟ ಗಂಟು ಹಾಕಿದ್ದರು. ಅಚ್ಚುಕಟ್ಟಾದ ಗಂಟು. ಪ್ರೀತಿಯಿಂದ ಹಾಕಿದ ಹಾಗೆ.

ಇನ್ನೊಂದು ಶರ್ಟು ತೆಗೆದಳು. ಅದರಲ್ಲೂ ಗಂಟು. ಪ್ಯಾಂಟಿನ ಸೊಂಟದಲ್ಲೂ.

ಹೊಟ್ಟೆಯೊಳಗೆ ಮಗು ಒದೆಯಿತು. ಏಳು ತಿಂಗಳು ತುಂಬಿತ್ತು.

ಮನೆಯಲ್ಲಿ ಹೆಂಡತಿಯೇ ಟೈಲರ್ ಆಗಿರುವಾಗ ಗಂಡಸು ಇನ್ನೊಬ್ಬರ ಕೈಯಲ್ಲಿ ಯಾಕೆ ಹೊಲಿಸುತ್ತಾನೆ? ಅವಳಿಗೆ ಹೊಳೆದದ್ದು ಒಂದೇ ಉತ್ತರ. ಈಚೆಗೆ ಅವನು ತಡವಾಗಿ ಬರುತ್ತಿದ್ದ. ಬಂದರೆ ಊಟ ಆಯಿತು ಅನ್ನುತ್ತಿದ್ದ. ಎರಡೆರಡು ಬನಿಯನ್ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಕೆನ್ನೆ ಒಳಗೆ ಹೋಗಿದೆಯಲ್ಲ ಅಂದರೆ, "ಲಿಫ್ಟ್ ಕೆಟ್ಟಾಗ ತಾನೇ ನಮ್ಮನ್ನ ಕರೆಯೋದು? ಮೆಟ್ಟಿಲು ಹತ್ತೀ ಹತ್ತೀ ಹೀಗಾಗಿದೀನಿ" ಅಂತ ನಗಿಸುತ್ತಿದ್ದ.

ಬಟ್ಟೆಯನ್ನು ಎಷ್ಟು ಒಳಗೆ ಹಿಡಿದಿದ್ದಾರೆ ಅಂತ ಅವಳು ನೋಡಲೇ ಇಲ್ಲ. ಯಾರು ಹಿಡಿದಿದ್ದಾರೆ ಅಂತಷ್ಟೇ ನೋಡಿದಳು.

"ರೀ, ಈ ಶರ್ಟು ಹೊಲಿದದ್ದು ಯಾರು?"

"ನೀನೇ ಅಲ್ವಾ?" ಅಂದ ಅವನು, ಕಣ್ಣು ತಪ್ಪಿಸಿ.

ಅತ್ತೆಯ ಹತ್ತಿರ ಹೇಳಿಕೊಂಡರೆ ಅವರು, "ನನ್ನ ಮಗನಿಗೆ ಒಬ್ಬಳನ್ನ ನಿಭಾಯಿಸೋಕೇ ಬರಲ್ಲ, ಇಬ್ಬರೆಲ್ಲಿಂದ ಬರ್ತಾರೆ? ಸುಮ್ಮನೆ ಹಾಲು ಕುಡಿ" ಅಂದುಬಿಟ್ಟರು.

ರಜೆಯ ದಿನ ಅವನು ಹೊರಟ. "ಒಂದು ಕಡೆ ಲಿಫ್ಟ್ ಕೆಟ್ಟಿದೆಯಂತೆ." ಸಾಮಾನಿನ ಪೆಟ್ಟಿಗೆ ಬಾಗಿಲ ಹಿಂದೆಯೇ ಇತ್ತು. ಕೈಯಲ್ಲಿದ್ದದ್ದು ಬಟ್ಟೆಯ ಚೀಲ.

ಅವಳು ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು. ಹೊಟ್ಟೆ ಹೊತ್ತು, ಅಂಗಡಿಗಳ ನೆರಳು ಹಿಡಿದು ನಡೆದಳು. ಇವತ್ತು ಆ ಮುಖ ನೋಡಿಬಿಡಬೇಕು. ಜಗಳ ಆಡಲ್ಲ. ನೋಡಿದರೆ ಸಾಕು...

ಸಂತೆಬೀದಿಯ ಹಿಂದಿನ ಓಣಿಯಲ್ಲಿ ಅವನು ಒಂದು ಸಣ್ಣ ಅಂಗಡಿಯೊಳಗೆ ಹೋದ. ಅವಳು ಉಸಿರು ಬಿಗಿಹಿಡಿದು ಒಳಗೆ ನುಗ್ಗಿದಳು.

ಅವನು ಕಾಣಲಿಲ್ಲ. ಹಿಂದೆ ಒಂದು ಪರದೆ ಇಳಿಬಿಟ್ಟಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಒಬ್ಬರು ಮುದುಕರು ಕೂತಿದ್ದರು, ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಏನು ಬೇಕಮ್ಮ?"

"ಇಲ್ಲಿ ಹೊಲಿಯೋ ಹೆಂಗಸು ಎಲ್ಲಿ?"

"ಯಾವ ಹೆಂಗಸು? ಈ ಅಂಗಡಿ ಹುಟ್ಟಿದಾಗಿಂದ ಇಲ್ಲಿ ನಾನೊಬ್ಬನೇ. ನನ್ನ ಹೆಂಡತಿಯೇ ಒಳಗೆ ಕಾಲಿಡಲ್ಲ, ದಾರ ಕಾಲಿಗೆ ಸುತ್ಕೊಳ್ಳುತ್ತೆ ಅಂತ."

ಮಾತಾಡುತ್ತಲೇ ಮುದುಕರು ಮೆಷಿನ್ನಿನಿಂದ ಬಟ್ಟೆ ಎಳೆದರು. ದಾರವನ್ನು ಹಲ್ಲಿನಲ್ಲಿ ಕಡಿದು, ಎರಡು ತುದಿ ಹಿಡಿದು, ಕೈಯಲ್ಲೇ ಗಂಟು ಹಾಕಿದರು.

ಅದೇ ಗಂಟು!

ಅವಳು ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಆಮೇಲೆ ನಗು ಬಂತು. ತಡೆದಷ್ಟೂ ಉಕ್ಕಿತು, ಕಣ್ಣಲ್ಲಿ ನೀರು ಬರುವವರೆಗೂ.

"ತಾತ... ನಾನು ನಿಮ್ಮನ್ನ ನನ್ನ ಸವತಿ ಅಂದ್ಕೊಂಡಿದ್ದೆ."

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ವಯಸ್ಸಲ್ಲಿ ನನಗೂ ಇಂಥ ಬೆಲೆ ಬಂತಲ್ಲ, ಬಿಡು."

ಆ ನಗು ಕೇಳಿ ಪರದೆ ಸರಿಯಿತು.

ಅವನು ನಿಂತಿದ್ದ. ಶರ್ಟಿಲ್ಲ, ಬನಿಯನ್ನೂ ಇಲ್ಲ. ಹೆಗಲ ಮೇಲೆ ಅಳತೆಯ ಟೇಪು. ಚರ್ಮದ ಕೆಳಗೆ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

ಅವಳ ನಗು ಅರ್ಧಕ್ಕೇ ನಿಂತಿತು.

"ಇದೇನ್ರೀ ಇದು?"

ಅವನು ನೆಲ ನೋಡಿದ. "ರಕ್ತದ ಕಾಯಿಲೆಯಂತೆ. ವಾಸಿ ಆಗೋದಲ್ಲ ಅಂದ್ರು."

ಮೆಷಿನ್ನಿನ ಚಕ್ರವನ್ನು ಮುದುಕರು ಕೈಯಿಂದ ಹಿಡಿದು ನಿಲ್ಲಿಸಿದರು. ಓಣಿಯಲ್ಲಿ ಯಾರದೋ ಸೈಕಲ್ ಬೆಲ್ ಕೇಳಿಸಿತು.

"ನನಗೆ ಯಾಕೆ ಹೇಳಲಿಲ್ಲ?"

"ಹೋದ ಸಲ ನೀನು ಬಸುರಿಯಾಗಿದ್ದಾಗ ನಿಮ್ಮಪ್ಪ ತೀರಿಕೊಂಡ ಸುದ್ದಿ ಹೇಳಿದ್ದು ನಾನೇ. ಅದೇ ವಾರ ನಮ್ಮ ಮಗು..." ಅವನು ಅವಳ ಹೊಟ್ಟೆಯ ಕಡೆ ನೋಡಿದ. "ಈ ಸಲ ನನ್ನ ಬಾಯಿಂದ ಅಂಥ ಮಾತು ಬರಬಾರದು ಅಂತ. ಹೆರಿಗೆ ಆಗೋ ತನಕ ಎಳೆದರೆ ಸಾಕಿತ್ತು. ಬಟ್ಟೆ ಸಡಿಲ ಆದ್ರೆ ನಿನ್ನ ಕಣ್ಣಿಗೆ ತಕ್ಷಣ ಬೀಳುತ್ತೆ. ಅದಕ್ಕೇ ಇಲ್ಲಿ..."

"ಮತ್ತೆ ಔಷಧಿ?"

ಅವನು ಶರ್ಟಿಗಾಗಿ ಕೈ ಚಾಚಿದ.

"ಔಷಧಿ ಎಲ್ಲಿ ಅಂತ ಕೇಳಿದೆ."

"ಆಸ್ಪತ್ರೆಗೆ ಸೇರಬೇಕು ಅಂದ್ರು. ಸೇರಿದ್ರೆ ನಿನಗೆ ಗೊತ್ತಾಗುತ್ತಲ್ಲ."

ಅವಳು ಎದ್ದು ಅವನ ಮುಂದೆ ಬಂದು ನಿಂತಳು.

"ಇನ್ನೊಬ್ಬಳು ಇದ್ದಾಳೆ ಅಂದ್ಕೊಂಡು ನಾನು ಎಷ್ಟು ಅತ್ತಿದ್ದೀನಿ ಗೊತ್ತಾ? ಅದಕ್ಕಿಂತ ಕೆಟ್ಟ ಸುದ್ದಿ ನನಗಿರಲಿಲ್ಲ. ಅದನ್ನೂ ತಡ್ಕೊಂಡು ಈ ಮಗು ಒದೀತಾನೇ ಇದೆ. ಹೋದ ಸಲದ್ದು ನಿಮ್ಮ ಮಾತಿಂದ ಆಗಿದ್ದಲ್ಲ. ಮಗು ಮೊದಲಿಂದಲೇ ನಿಲ್ಲೋ ಹಾಗಿರಲಿಲ್ಲ ಅಂತ ಡಾಕ್ಟರು ನನಗೆ ಅವತ್ತೇ ಹೇಳಿದ್ರು. ನೀವು ಕೇಳಲೇ ಇಲ್ಲ... ನಾನೂ ಹೇಳಲಿಲ್ಲ."

ಅವನು ತಲೆಯೆತ್ತಿದ. ಎಷ್ಟೋ ದಿನದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲನ್ನು ಯಾರೋ ಇಳಿಸಿದ ಹಾಗಿತ್ತು ಅವನ ಮುಖ. ಅಲ್ಲೇ, ಮುದುಕರ ಎದುರಿಗೇ, ಅವಳ ಹೆಗಲಿಗೆ ಹಣೆ ಇಟ್ಟು ಮಗುವಿನ ಹಾಗೆ ಅತ್ತುಬಿಟ್ಟ.

ಹೊರಡುವಾಗ ಮುದುಕರು ಅವಳನ್ನು ಪಕ್ಕಕ್ಕೆ ಕರೆದರು. "ಒಂದು ಮಾತಮ್ಮ. ಹೆಚ್ಚಿನ ಬಟ್ಟೆ ಕತ್ತರಿಸಿಬಿಡಿ, ಇನ್ನು ಬೇಕಾಗಲ್ಲ ಅಂತ ಇವನು ಪ್ರತಿ ಸಲ ಹೇಳ್ತಿದ್ದ. ನನಗೆ ಮನಸ್ಸು ಬರಲಿಲ್ಲ. ಎಲ್ಲಾ ಒಳಗೇ ಮಡಚಿಟ್ಟಿದ್ದೀನಿ."

ಮರುದಿನವೇ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ. ತಡೆದು ನಿಲ್ಲಿಸೋಕೆ ನೋಡಬಹುದು. ಕೆಲವರಿಗೆ ವರ್ಷಗಟ್ಟಲೆ ನಿಲ್ಲುತ್ತೆ. ಆದ್ರೆ ಹೆರಿಗೆ ಆಗಲಿ ಅಂತ ಕಾದಿದ್ದಿದ್ರೆ, ಇಷ್ಟನ್ನೂ ಹೇಳೋಕೆ ಆಗ್ತಿರಲಿಲ್ಲ."

ಅವಳು ಮೇಜಿನ ಕೆಳಗೆ ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಔಷಧಿ ಶುರುವಾಯಿತು. ವಾಂತಿ, ಜ್ವರ, ಕೂದಲು ಉದುರುವುದು, ಎಲ್ಲವೂ ಬಂತು. ಅವಳು ಮಂಚದ ಪಕ್ಕ ಕೂತು ಪುಟ್ಟ ಅಂಗಿ ಹೊಲಿಯುತ್ತಿದ್ದಳು. ಅತ್ತೆ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದು, "ಹುಟ್ಟೋ ಮಗುಗೂ ಇವನಿಗೂ ಒಂದೇ ಅಳತೆ ಟೋಪಿ ಹೊಲಿ" ಅನ್ನುತ್ತಿದ್ದರು.

ಕಡೆಗೆ ಅದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಹೆಣ್ಣುಮಗು ಹುಟ್ಟಿತು. ಅವನನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಬಾಗಿಲಲ್ಲೇ ನಿಲ್ಲಬೇಕು, ಮುಖಕ್ಕೆ ಮಾಸ್ಕ್ ಇರಬೇಕು ಅಂತ ಕಟ್ಟಪ್ಪಣೆ.

ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ ಕಂಡವು.

"ಒಳಗೆ ಎಷ್ಟು ಜನ ಇದ್ದೀರಿ?" ಅಂದ ಅವನು.

ಸುಸ್ತಾಗಿ ಮಲಗಿದ್ದವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಇಬ್ಬರು... ನೀವು ಬಂದ್ರೆ ಮೂವರು."

ಮಗಳು ಪುಟ್ಟ ಹೆಜ್ಜೆ ಇಡುವ ಹೊತ್ತಿಗೆ ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಕಾಯಿಲೆ ಹೋಗಿರಲಿಲ್ಲ, ನಿಂತಿತ್ತು. ತಪಾಸಣೆಯ ಹಿಂದಿನ ದಿನ ಈಗಲೂ ಇಬ್ಬರಿಗೂ ಅನ್ನ ಇಳಿಯುವುದಿಲ್ಲ. ಆದರೆ ಆ ಭಯವನ್ನು ಈಗ ಇಬ್ಬರೂ ಹಂಚಿಕೊಳ್ಳುತ್ತಾರೆ.

ಒಂದು ಬೆಳಿಗ್ಗೆ ಅವನು ನೀಲಿ ಶರ್ಟು ಹಾಕಿಕೊಂಡು ಗುಂಡಿಯ ಜೊತೆ ಗುದ್ದಾಡುತ್ತಿದ್ದ.

"ಟೈಲರಮ್ಮ, ಇದು ಬಿಗಿ ಆಗ್ತಿದೆ ಕಣೇ."

ಅವಳು ಒಲೆ ಆರಿಸಿ ಓಡಿಬಂದಳು. ಬಿಗಿ! ಇಷ್ಟು ಚಂದದ ಮಾತನ್ನು ಅವನು ಯಾವತ್ತೂ ಆಡಿರಲಿಲ್ಲ.

ಶರ್ಟು ಬಿಚ್ಚಿಸಿ, ಮಗುಚಿ, ಮುದುಕರ ಗಂಟನ್ನು ಬ್ಲೇಡಿನ ತುದಿಯಿಂದ ಬಿಡಿಸಿದಳು. ಒಳಗೆ ಮಡಚಿಟ್ಟಿದ್ದ ಬಟ್ಟೆ ಹೊರಗೆ ಬಂತು. ಶರ್ಟೆಲ್ಲ ಮಾಸಿತ್ತು, ಆ ಪಟ್ಟಿ ಮಾತ್ರ ಹೊಸದರ ಹಾಗೆ ಕಡುನೀಲಿ.

ಟೇಪು ಹಿಡಿದು ಅವನ ಎದೆ ಸುತ್ತಿದಳು.

"ಹೊಟ್ಟೆ ಒಳಗೆ ಎಳ್ಕೋಬೇಡಿ. ಉಸಿರು ಬಿಡಿ."

"ಪೂರ್ತಿ ಬಿಚ್ಚಿಬಿಡೇ, ಆರಾಮಾಗಿರುತ್ತೆ."

"ಪೂರ್ತಿ ಬಿಚ್ಚಲ್ಲ. ಸ್ವಲ್ಪ ಒಳಗೇ ಇರಲಿ."

"ಅದು ಯಾಕೆ?"

ಅವಳು ಟೇಪನ್ನು ಸಡಿಲಿಸದೆ, ಅವನ ಎದೆಗೆ ಕೆನ್ನೆ ಇಟ್ಟಳು.

"ಮುಂದಿನ ವರ್ಷಕ್ಕೆ ಬೇಕಾಗುತ್ತೆ."